ಋಷಿಕೇಶ ಶಾಹ ಅವರನ್ನು ಓದಲು ಜೊತೆಯಾದ ಎಲ್ಲರಿಗೂ

ಕಳೆದ ವಾರ ನನ್ನ ಪಿಎಚ್.ಡಿ. ವೈವಾ ಮುಗಿಯಿತು. ಕಾಲೇಜಿನ ಹುಡುಗರು ಆಗಲೇ 'ಡಾಕ್ಟರ್ ಸರ್' ಅಂತ ಕಾಲೆಳೆಯಲು ಶುರು ಮಾಡಿದ್ದಾರೆ. ಒಂದಿಷ್ಟು ಜನರಿಗೆ ಎಲ್ಲರೆದುರೇ ಥ್ಯಾಂಕ್ಸ್ ಹೇಳಬೇಕು, ಅದಕ್ಕೇ ಈ ಬರಹ.

ನನ್ನ ವಿಷಯ ನೇಪಾಳದ ಋಷಿಕೇಶ ಶಾಹ. ವಿದೇಶಾಂಗ ನೀತಿಯ ವಿದ್ವಾಂಸ, ರಾಯಭಾರಿ, ಮಂತ್ರಿ, ಕೊನೆಗೆ ಮಾನವ ಹಕ್ಕುಗಳ ಹೋರಾಟಗಾರ. "ಚೀನಾ, ಪಾಕಿಸ್ತಾನ ಬಿಟ್ಟು ನೇಪಾಳ ಯಾಕಪ್ಪ?" ಎಂದು ಸ್ಟಾಫ್ ರೂಮಿನಲ್ಲಿ ಕೇಳದವರಿಲ್ಲ. ನಮ್ಮ ಗೈಡ್ ಮೇಡಂ ಮಾತ್ರ ಬೇರೆಯದೇ ಕೇಳಿದರು. "ರಾಜನಿಗೆ ಸಂವಿಧಾನ ಮಾಡಿಕೊಟ್ಟವರು ಅದೇ ವ್ಯವಸ್ಥೆಯಲ್ಲಿ ಜೈಲಿಗೂ ಹೋದರು. ಅಂಥವರನ್ನು ಹೇಗೆ ಬರೀತೀಯಾ?" ಇಡೀ ಪ್ರಬಂಧ ಆ ಪ್ರಶ್ನೆಯ ಸುತ್ತಲೇ ತಿರುಗಿತು. ಮೇಡಂ, ನಿಮಗೆ ಮೊದಲ ನಮಸ್ಕಾರ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಶಾಹ ಹುಟ್ಟಿದ್ದು 1925ರಲ್ಲಿ, ಪಾಲ್ಪಾ ಜಿಲ್ಲೆಯ ತಾನ್ಸೇನ್‌ನಲ್ಲಿ. ನೇಪಾಳ ವಿಶ್ವಸಂಸ್ಥೆಗೆ ಸೇರಿದ್ದು 1955ರ ಡಿಸೆಂಬರ್‌ನಲ್ಲಿ. ಮರುವರ್ಷ ಅಲ್ಲಿಗೆ ಮೊದಲ ಕಾಯಂ ಪ್ರತಿನಿಧಿಯಾಗಿ ಹೋದವರು ಇವರು. ವಯಸ್ಸು 31ರ ಆಸುಪಾಸು. 1961ರ ಸೆಪ್ಟೆಂಬರ್‌ನಲ್ಲಿ ಆಫ್ರಿಕಾದ ಉತ್ತರ ರೊಡೇಷ್ಯಾದಲ್ಲಿ (ಈಗಿನ ಜಾಂಬಿಯಾ) ಎನ್‌ಡೋಲಾ ಹತ್ತಿರ ವಿಮಾನ ಬಿದ್ದು ಮಹಾಕಾರ್ಯದರ್ಶಿ ಡಾಗ್ ಹ್ಯಾಮರ್‌ಷೋಲ್ಡ್ ತೀರಿಕೊಂಡರಲ್ಲ, ಆ ಸಾವಿನ ಬಗ್ಗೆ ವಿಶ್ವಸಂಸ್ಥೆ ನೇಮಿಸಿದ ಐದು ಜನರ ಆಯೋಗಕ್ಕೂ ಶಾಹ ಅವರೇ ಅಧ್ಯಕ್ಷರು. ರೊಡೇಷ್ಯಾದ ತನಿಖೆ ಪೈಲಟ್ ತಪ್ಪು ಎಂದು ಕೈ ತೊಳೆದುಕೊಂಡಿತ್ತು. ಶಾಹ ಆಯೋಗ ಹಾಗೆ ಮಾಡಲಿಲ್ಲ. ಹೊರಗಿನ ದಾಳಿ, ಒಳಸಂಚು ಯಾವುದನ್ನೂ ತಳ್ಳಿಹಾಕಲು ಆಗದು ಎಂದು ಬರೆಯಿತು. ಹೊಸ ಸಾಕ್ಷ್ಯ ಸಿಕ್ಕರೆ ತಿಳಿಸಬೇಕು ಎಂದು ಸಾಮಾನ್ಯ ಸಭೆ 1962ರಲ್ಲಿ ನಿರ್ಣಯ ಮಾಡಿತು. ಅರ್ಧ ಶತಮಾನ ಕಳೆದ ಮೇಲೆ ವಿಶ್ವಸಂಸ್ಥೆ ತಾಂಜಾನಿಯಾದ ನ್ಯಾಯಮೂರ್ತಿ ಒತ್ಮಾನ್ ಅವರ ಕೈಗೆ ಮತ್ತೆ ಈ ಕೆಲಸ ಕೊಟ್ಟಾಗ, ಆ ನಿರ್ಣಯವೇ ದಾರಿಯಾಯಿತು.

ಇಂಥ ಮನುಷ್ಯ ಇನ್ನೊಂದು ಕಡೆ ಏನು ಮಾಡುತ್ತಿದ್ದರು? 1960ರ ಡಿಸೆಂಬರ್‌ನಲ್ಲಿ ರಾಜ ಮಹೇಂದ್ರ ಜನ ಆರಿಸಿದ ಬಿ.ಪಿ. ಕೊಯಿರಾಲ ಸರ್ಕಾರವನ್ನು ಕಿತ್ತುಹಾಕಿ ಕೊಯಿರಾಲರನ್ನು ಬಂಧಿಸಿದ. ಶಾಹ ಆ ರಾಜನ ಬಳಿಯೇ ಹಣಕಾಸು, ಆಮೇಲೆ ವಿದೇಶಾಂಗ ಮಂತ್ರಿಯಾದರು. ಪಕ್ಷಗಳಿಲ್ಲದ, ರಾಜನ ಕೈಯಲ್ಲೇ ಅಧಿಕಾರವಿದ್ದ ಪಂಚಾಯತ್ ವ್ಯವಸ್ಥೆಗೆ 1962ರ ಸಂವಿಧಾನದ ಕರಡು ಮಾಡಿದ ಆಯೋಗಕ್ಕೂ ಇವರೇ ಮುಖ್ಯಸ್ಥರು. ನನ್ನ ಮಟ್ಟಿಗೆ ಅದು ಅವರ ಬದುಕಿನ ಕೆಟ್ಟ ನಿರ್ಧಾರ. ಒಳಗಿದ್ದೇ ಸರಿಮಾಡಬಹುದು ಎಂದುಕೊಂಡಿದ್ದರೇನೋ. ಓದಿದವರು ಅಧಿಕಾರದ ಹತ್ತಿರ ಹೋದಾಗ ಸಾಮಾನ್ಯವಾಗಿ ಹಾಗೇ ಅಂದುಕೊಳ್ಳುತ್ತಾರೆ, ಅಲ್ವಾ? ಮುಂದೆ ಅದೇ ವ್ಯವಸ್ಥೆಯನ್ನು ಬಹಿರಂಗವಾಗಿ ಟೀಕಿಸಿ 1969ರಲ್ಲಿ ಜೈಲು ಸೇರಿದರು. 1988ರಲ್ಲಿ ಮಾನವ ಹಕ್ಕುಗಳ ಸಂಘಟನೆ ಕಟ್ಟಿದರು. ಎರಡು ವರ್ಷದಲ್ಲಿ ಜನಾಂದೋಲನ ಪಂಚಾಯತ್ ವ್ಯವಸ್ಥೆಯನ್ನೇ ಕೆಡವಿತು. ಶಾಹ ತೀರಿಕೊಂಡದ್ದು 2002ರಲ್ಲಿ.

ಈ ಕಥೆಯಲ್ಲಿ ತೀರ್ಪು ಕೊಡುವ ಆಸೆ ತುಂಬಾ ಬರುತ್ತದೆ. ಕಠ್ಮಂಡು ಪಕ್ಕದ ಪಾಟನ್‌ನ ಒಬ್ಬ ನಿವೃತ್ತ ಪ್ರಾಧ್ಯಾಪಕರು ಪಂಚಾಯತ್ ಕಾಲದಲ್ಲಿ ವಿದ್ಯಾರ್ಥಿಯಾಗಿದ್ದವರು. "ನನಗೆ ಅವರ ಮೇಲೆ ಸಿಟ್ಟೂ ಇದೆ, ಗೌರವವೂ ಇದೆ. ಒಂದನ್ನು ಮಾತ್ರ ಬರೆದರೆ ನನ್ನ ಹೆಸರು ಹಾಕಬೇಡಿ" ಎಂದರು. ಸರ್, ಎರಡನ್ನೂ ಬರೆದಿದ್ದೇನೆ. ಹೆಸರು ಹಾಕಿದ್ದೇನೆ, ಪ್ರಬಂಧದಲ್ಲಿ.

ಕೀರ್ತಿಪುರದ ತ್ರಿಭುವನ್ ವಿಶ್ವವಿದ್ಯಾಲಯದ ಲೈಬ್ರರಿ, ಕಠ್ಮಂಡುವಿನ ಥಾಪಾಥಲಿಯ ಸಂಶೋಧನಾ ಸಂಸ್ಥೆ ಮಾರ್ಟಿನ್ ಚೌತಾರಿ, ಎರಡೂ ಕಡೆಯ ಸಿಬ್ಬಂದಿಗೆ ಋಣಿ. ಲಾಕ್‌ಡೌನ್‌ನಲ್ಲಿ ಗಡಿ ಮುಚ್ಚಿದಾಗ ಕಠ್ಮಂಡುವಿನ ಗೆಳತಿಯೊಬ್ಬಳು ಪುಟಗಳ ಫೋಟೊ ತೆಗೆದು ರಾತ್ರಿಯೆಲ್ಲ ಕಳಿಸಿದ್ದಾಳೆ.

ನೇಪಾಳಿ ಪತ್ರಿಕೆ 'ಗೋರಖಾಪತ್ರ'ದ ಹಳೆಯ ಸಂಚಿಕೆಗಳನ್ನು ಓದಲು ನನ್ನ ಹಿಂದಿ ಸಾಲದು. ಲಿಪಿ ಅದೇ ಆದರೂ ಭಾಷೆ ಬೇರೆ. ನಮ್ಮ ಬೀದಿಯ ಗೋಬಿ ಮಂಚೂರಿ ಗಾಡಿಯ ದಾಯ್ (ನೇಪಾಳಿಯಲ್ಲಿ ಅಣ್ಣ) ನೇಪಾಳದ ಅರ್ಘಾಖಾಂಚಿ ಜಿಲ್ಲೆಯವರು. ಗಿರಾಕಿ ಕಮ್ಮಿಯಾದ ಮೇಲೆ ಕೂತು ಸಾಲು ಸಾಲಾಗಿ ಅರ್ಥ ಹೇಳಿಕೊಟ್ಟರು. "ರಾಜನ ಕಾಲದ ಪೇಪರ್, ಅರ್ಧ ಬರೀ ಹೊಗಳಿಕೆ, ಬಿಟ್ಟು ಮುಂದೆ ಓದಿ" ಎಂಬ ಅವರ ಸಲಹೆಗಿಂತ ಒಳ್ಳೆಯ ಸಂಶೋಧನಾ ಪಾಠ ನನಗೆ ಯಾರೂ ಹೇಳಿಲ್ಲ.

ಅತಿಥಿ ಉಪನ್ಯಾಸಕನ ಸಂಬಳ ಯಾವಾಗ ಬರುತ್ತದೆ ಎಂದು ದೇವರಿಗೂ ಗೊತ್ತಿರುವುದಿಲ್ಲ. ಆ ತಿಂಗಳುಗಳಲ್ಲಿ ಮನೆ ನಡೆಸಿದ್ದು ಅಕ್ಕ. ನನ್ನ ಕ್ಲಾಸು ನೋಡಿಕೊಂಡ ಸಹೋದ್ಯೋಗಿಗಳೂ ಅದೇ ಸಂಬಳಕ್ಕೆ ಕಾಯುತ್ತಿದ್ದವರು. ಅವ್ವ ಪ್ರಬಂಧ ಓದಿಲ್ಲ, ಆದರೆ ಶಾಹ ಜೈಲಿಗೆ ಹೋದ ಕಥೆ ಕೇಳಿ, "ಮೊದಲೇ ಹೋಗಬೇಕಿತ್ತು" ಎಂದಳು!

ತಾನ್ಸೇನ್ ಮಾತ್ರ ಇನ್ನೂ ನೋಡಿಲ್ಲ. ದಾಯ್ ದಶೈಂ ಹಬ್ಬಕ್ಕೆ ಊರಿಗೆ ಹೊರಟಿದ್ದಾರೆ, ನಮಗೂ ಆಗ ದಸರಾ ರಜೆ. ಅವರ ಜಿಲ್ಲೆಗೆ ಪಾಲ್ಪಾ ಪಕ್ಕದಲ್ಲೇ. ನೇಪಾಳಕ್ಕೆ ಹೋಗುವ ದಾರಿಯ ಗೋರಖ್‌ಪುರದವರೆಗೆ ಇಬ್ಬರದೂ ಟಿಕೆಟ್ ಈ ಸಲ ನಾನೇ ಮಾಡಿಸುತ್ತೇನೆ, ದಾಯ್.