ದೋಣಿ ನಡುವೆ, ಗಾಳ ದಡದಲ್ಲಿ

ಸಂಪಾದಕರೇ,

ನಾನು ಕಾಲುವೆ ದಡದಲ್ಲಿ ಮೀನಿಗೆ ಗಾಳ ಹಿಡಿದು ಕೂರುವವನು. ದೋಣಿ ಬಂತೆಂದರೆ ಮುಖ ಸಿಂಡರಿಸುವ ಅಭ್ಯಾಸ ನನಗೂ ಇತ್ತು. ‘ಪಕ್ಕಕ್ಕೆ ತಿರುಗಿಸಿ’ ಎಂದು ಕೂಗುತ್ತಿದ್ದೆ. ಆದರೆ ಕಾಲುವೆಗೆ ಆಳ ಇರುವುದು ನಡುವೆ. ದಡಕ್ಕೆ ಸರಿದರೆ ದೋಣಿಯ ತಳ ಕೆಸರಿಗೆ ತಾಗುತ್ತದೆ, ಅಲ್ವಾ? ನಡುವೆಯೇ ಹೋಗಲಿ, ನಿಧಾನವಾಗಿ ಹೋಗಲಿ. ಇಂಗ್ಲೆಂಡಿನ ಬಹುತೇಕ ಕಾಲುವೆಗಳಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ, ಬಿರುಸು ನಡಿಗೆಯಷ್ಟೇ. ಜೋರಾಗಿ ಓಡಿಸಿದರೆ ಅಲೆ ಬಡಿದು ದಡದ ಮಣ್ಣು ಕುಸಿಯುತ್ತದೆ.

ನಮ್ಮದೂ ತಪ್ಪಿದೆ. ಉದ್ದದ ಗಾಳದ ಕೋಲನ್ನು ಕೊನೆ ಗಳಿಗೆಯವರೆಗೂ ಅಡ್ಡ ಚಾಚಿಟ್ಟರೆ ದೋಣಿಯವರು ಏನು ಮಾಡಬೇಕು? ಗಾಳದ ದಾರ, ಅಂದರೆ ತಂಗೂಸಿ, ದೋಣಿಯ ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಬಿಡಿಸುವ ಕಷ್ಟ ಅವರಿಗೇ ಗೊತ್ತು. ಅಂದಹಾಗೆ, ದೋಣಿ ಕೆಸರು ಕದಡಿ ಹೋದ ಮೇಲೆ ಮೀನು ಚೆನ್ನಾಗಿ ಕಚ್ಚಿದ್ದೂ ಉಂಟು!

– ಒಬ್ಬ ಓದುಗ