ಭಾನುವಾರದ ಚಿತ್ರ: ನಾಗರಹಾವು (1972)

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರಗಳು.

ಈ ಭಾನುವಾರ ಬಿಸಿಲು ಇಳಿದ ಮೇಲೆ, ಸಂಜೆ 6.30ಕ್ಕೆ, ಕಲಬುರಗಿಯ ಬ್ರಹ್ಮಪುರದಲ್ಲಿರುವ ನಮ್ಮ ಮನೆಯ ಮಾಳಿಗೆಯ ಮೇಲೆ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರವನ್ನು ನೋಡೋಣ. ತರಾಸು ಅವರ ಮೂರು ಕಾದಂಬರಿಗಳನ್ನು ಒಂದಾಗಿ ಹೆಣೆದ ಈ ಚಿತ್ರದಲ್ಲಿ ವಿಷ್ಣುವರ್ಧನ್ ಮೊದಲ ಬಾರಿಗೆ ನಾಯಕರಾದರು. ಅಂಬರೀಶ್ ಜಲೀಲನ ಸಣ್ಣ ಪಾತ್ರದಲ್ಲಿದ್ದಾರೆ.

ಇದನ್ನು ಬರೀ ಪ್ರೇಮಕಥೆ ಎಂದುಕೊಂಡು ಬರಬೇಡಿರಿ. ಸಿಟ್ಟಿನ ಹುಡುಗ ರಾಮಾಚಾರಿ ತಾನು ನಂಬಿದ ಚಾಮಯ್ಯ ಮೇಷ್ಟ್ರ ಒಂದೇ ಮಾತಿಗೆ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಮುಂದೆ ಅವಳ ಬದುಕು ಯಾವ ಗತಿಗೆ ಬಂತೆಂಬುದನ್ನು ಕಂಡಾಗ, ಒಳ್ಳೆಯ ಮನಸ್ಸಿನ ಗುರುವಿನ ಸಲಹೆಯೂ ಇಷ್ಟು ಕ್ರೂರವಾಗಬಹುದೇ ಎಂಬ ಪ್ರಶ್ನೆ ಅವನನ್ನೂ ನಮ್ಮನ್ನೂ ಬಿಡದೆ ಕಾಡುತ್ತದೆ. ನನ್ನ ಮಟ್ಟಿಗೆ ಚಾಮಯ್ಯ ಮೇಷ್ಟ್ರಾಗಿ ಅಶ್ವಥ್ ಅವರ ಅಭಿನಯವೇ ಚಿತ್ರದ ಜೀವಾಳ. ಚಿತ್ರದುರ್ಗದ ಬಂಡೆಗಳೂ ಇಲ್ಲಿ ಪಾತ್ರಗಳೇ. ನಮ್ಮೂರ ಕೋಟೆಯನ್ನು ಯಾರೂ ಹೀಗೆ ಚಿತ್ರಿಸಲಿಲ್ಲವಲ್ಲ ಎಂದು ನನಗೆ ಸ್ವಲ್ಪ ಹೊಟ್ಟೆಕಿಚ್ಚು.

ಮೊದಲೇ ನೋಡಿದವರು ಕೊನೆಯ ದೃಶ್ಯದ ಬಗ್ಗೆ ಗುಂಪಿನಲ್ಲಿ ಬರೆಯಬಾರದು. ಬರುವವರು ಶನಿವಾರ ರಾತ್ರಿಯೊಳಗೆ ತಿಳಿಸಬೇಕು. ಚಹಾ, ಸೂಸಲದ ವ್ಯವಸ್ಥೆ ನಮ್ಮದು.