ನಾಲ್ಕನೇ ಪುಸ್ತಕದಲ್ಲಿ ಇಲ್ಲದ 32 ಪುಟಗಳು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ ಮತ್ತು ಮಕ್ಕಳ ಪುಸ್ತಕಗಳ ಸಂಪಾದಕರಿಗೆ

ವಿಷಯ: ಆನೆಮರಿ ಸರಣಿಯ ಆರು ಪುಸ್ತಕಗಳ ಸೆಟ್‌ನಲ್ಲಿ, ನಾಲ್ಕನೇ ಪುಸ್ತಕದ 129ರಿಂದ 160ರವರೆಗಿನ ಪುಟಗಳು ಇಲ್ಲದಿರುವ ಬಗ್ಗೆ. ಬದಲಿ ಪ್ರತಿಯಲ್ಲೂ ಅದೇ ತಪ್ಪು.

ಮಾನ್ಯರೇ,

ಈ ವಿಷಯದಲ್ಲಿ ನಾನು ನಿಮಗೆ ದೂರು ಕೊಡುತ್ತಿರುವುದು ಇದು ನಾಲ್ಕನೇ ಸಲ. ಹಿಂದಿನ ಮೂರು ದೂರುಗಳನ್ನೂ ‘ಪರಿಹರಿಸಲಾಗಿದೆ’ ಅಂತ ಮುಚ್ಚಿದ್ದೀರಿ. ಏನೂ ಪರಿಹಾರ ಆಗಿಲ್ಲ. ಅದಕ್ಕೇ ಈ ಸಲ ಎಲ್ಲವನ್ನೂ ಮೊದಲಿಂದ ಬರೆಯುತ್ತಿದ್ದೇನೆ. ದಯವಿಟ್ಟು ಯಾರಾದರೂ ಒಬ್ಬರು ಕೂತು ಕೊನೆತನಕ ಓದಿ.

ನನ್ನ ಮಗಳಿಗೆ ಎಂಟು ವರ್ಷ. ರಾತ್ರಿ ಮಲಗುವ ಮುಂಚೆ ನಾನು ಓದಬೇಕು, ಅವಳು ಕೇಳಬೇಕು. ನಿಮ್ಮ ಸರಣಿಯ ಮೊದಲ ಪುಸ್ತಕ ತೆಗೆದ ದಿನ ಒಂದು ಅಧ್ಯಾಯಕ್ಕೆ ನಿಲ್ಲಿಸೋಣ ಅಂದುಕೊಂಡಿದ್ದೆ, ಮೂರು ಓದಿದೆ. ಹೊಳೆ ದಾಟುವಾಗ ಆದ ಒಂದು ಸಾವಿಗೆ ಆರು ವರ್ಷದ ಗಂಡುಮರಿಯನ್ನು ಹೊಣೆ ಮಾಡಿ ಗುಂಪಿನಿಂದ ಹೊರಗೆ ಹಾಕುತ್ತಾರೆ. ಅಟ್ಟಿದ್ದು ಬೇರೆ ಯಾರೂ ಅಲ್ಲ, ಗುಂಪನ್ನು ನಡೆಸುವ ಅದರ ಸ್ವಂತ ಅಜ್ಜಿ. ಮರಿ ಮೂರು ಸಲ ತಿರುಗಿ ನೋಡುತ್ತದೆ. ತಾಯಿ ಒಂದು ಸಲವೂ ಸೊಂಡಿಲು ಎತ್ತುವುದಿಲ್ಲ. ಅಲ್ಲಿ ನನ್ನ ಗಂಟಲು ಕಟ್ಟಿತು. ಮಗಳು ಹೊದಿಕೆಯನ್ನು ಮೂಗಿನ ತನಕ ಎಳೆದುಕೊಂಡು ಸುಮ್ಮನಾದಳು.

‘ನಿಜವಾದ ಆನೆಗಳೂ ಹೀಗೆ ಮಾಡ್ತಾವಾ ಅಮ್ಮಾ?’ ಅಂತ ಮಾರನೇ ದಿನ ಕೇಳಿದಳು. ಇಬ್ಬರೂ ಕೂತು ಹುಡುಕಿದೆವು. ಗುಂಪನ್ನು ನಡೆಸುವುದು ಹಿರಿಯ ಹೆಣ್ಣಾನೆ, ಅದು ನಿಜ. ಗಂಡು ಗುಂಪು ಬಿಟ್ಟು ಹೋಗುವುದೂ ನಿಜ. ಆದರೆ ಅದು ಸಾಮಾನ್ಯವಾಗಿ 10ರಿಂದ 15 ವರ್ಷದ ಹೊತ್ತಿಗೆ. ಅದೂ ಒಂದೇ ದಿನದಲ್ಲಿ ಅಲ್ಲ, ಸ್ವಲ್ಪ ಸ್ವಲ್ಪವೇ ದೂರವಾಗುತ್ತಾ ಹೋಗುವುದು. ನಮ್ಮ ಮರಿಗೆ ಬರೀ ಆರು. ‘ಹಾಗಾದ್ರೆ ಇದು ಅನ್ಯಾಯ’ ಅಂದಳು. ಅವಳ ಮಟ್ಟಿಗೆ ತೀರ್ಪು ಅಲ್ಲಿಗೇ ಆಗಿಹೋಯಿತು. ಅಜ್ಜಿ ತಪ್ಪು ಒಪ್ಪಿಕೊಳ್ಳುವ ತನಕ ಬಿಡಬಾರದು ಅಂತ ನನ್ನಿಂದ ಮಾತು ತೆಗೆದುಕೊಂಡಳು.

ಸರಣಿಯನ್ನು ಬರೆದವರ ಬಗ್ಗೆ ನನಗೆ ತುಂಬಾ ಗೌರವ ಇದೆ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ದೂರು ಕಥೆಯ ಮೇಲಲ್ಲ. ಮೂರನೇ ಪುಸ್ತಕದಲ್ಲಿ ಒಂದು ಮುದಿ ಸಲಗ ಬರುತ್ತದೆ. ಒಂದು ದಂತ ಮುರಿದಿದೆ, ಮಾತು ಕಡಿಮೆ. ಮರಿಗೆ ನೀರು ಹುಡುಕುವುದನ್ನು, ಸಿಟ್ಟು ನುಂಗುವುದನ್ನು ಕಲಿಸುವುದು ಅದೇ. ಇದೂ ಸುಮ್ನೆ ಕಟ್ಟಿದ್ದಲ್ಲ. ದಕ್ಷಿಣ ಆಫ್ರಿಕಾದ ಪಿಲಾನೆಸ್‌ಬರ್ಗ್ ಉದ್ಯಾನದಲ್ಲಿ, ಹಿರಿಯ ಗಂಡಾನೆಗಳ ನೆರಳಿಲ್ಲದೆ ಬೆಳೆದ ತಬ್ಬಲಿ ಗಂಡಾನೆಗಳು 1990ರ ದಶಕದಲ್ಲಿ 40ಕ್ಕೂ ಜಾಸ್ತಿ ಬಿಳಿ ಘೇಂಡಾಮೃಗಗಳನ್ನು ಕೊಂದಿದ್ದವು. 1998ರಲ್ಲಿ ಆರು ದೊಡ್ಡ ಸಲಗಗಳನ್ನು ತಂದು ಬಿಟ್ಟ ಮೇಲೆ ಆ ಕೊಲೆಗಳು ನಿಂತವು. ಇದನ್ನು ಹೇಳಿದಾಗ ಮಗಳು ಆ ಮುದಿ ಸಲಗವನ್ನು ‘ಅಜ್ಜ’ ಅಂತ ಕರೆಯಲು ಶುರು ಮಾಡಿದಳು. ಪುಸ್ತಕದಲ್ಲಿ ಎಲ್ಲೂ ಅದಕ್ಕೆ ಅಜ್ಜ ಅಂತ ಹೆಸರಿಲ್ಲ.

ಈಗ ನಾಲ್ಕನೇ ಪುಸ್ತಕ, 128ನೇ ಪುಟ. ಮರಿ ಬತ್ತಿದ ಹೊಳೆಯ ಮರಳಿನ ಮೇಲೆ ನಿಂತಿದೆ. ಕಿವಿಯಿಂದ ಕೇಳಬೇಡ, ಕಾಲಿಂದ ಕೇಳು ಅಂತ ಸಲಗ ಹೇಳುತ್ತದೆ. ಮರಿ ಮುಂಗಾಲು ಒತ್ತಿ ನಿಲ್ಲುತ್ತದೆ. ಮನುಷ್ಯರ ಕಿವಿಗೆ ಬೀಳದಷ್ಟು ತಗ್ಗಿನ ದನಿಯಲ್ಲಿ ಆನೆಗಳು ಮಾತಾಡುತ್ತವೆ ಅಂತ ಕೇಟಿ ಪೇನ್ ಎಂಬ ವಿಜ್ಞಾನಿ ಗುರುತಿಸಿದ್ದು 1984ರಲ್ಲಿ, ಮೃಗಾಲಯದ ಆನೆಗಳ ಪಕ್ಕ ನಿಂತಾಗ ಗಾಳಿಯಲ್ಲಿ ಏನೋ ಮಿಡಿದಂತಾಗಿ. ಆ ದನಿ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ, ನೆಲದಲ್ಲೂ ಹರಿಯುತ್ತದೆ. ಅಂದರೆ ಗುಂಪಿನಿಂದ ದೂರ ಹಾಕಿದರೂ ಮರಿಗೆ ಮನೆಯವರ ದನಿ ಸಿಗಬಹುದು. ಮೂರು ಪುಸ್ತಕ ನಾವು ಕಾದಿದ್ದು ಇದಕ್ಕೇ ಅಲ್ವಾ? ಮರಿಯ ಕಾಲ ಕೆಳಗೆ ನೆಲ ಸಣ್ಣಗೆ ನಡುಗುತ್ತದೆ. ‘ದೂರದಲ್ಲಿ, ಬೆಟ್ಟದ ಆಚೆ, ತನ್ನ ತಾಯಿ’ ಎಂಬಲ್ಲಿಗೆ ಪುಟ ಮುಗಿಯುತ್ತದೆ.

ಪುಟ ತಿರುವಿದೆ. ಅಲ್ಲಿ 97ನೇ ಪುಟ. ನಾಲ್ಕು ಸಾಲು ಓದಿಯೂ ನನಗೆ ಗೊತ್ತಾಗಲಿಲ್ಲ. ‘ಅಮ್ಮಾ, ಇದು ಆಗ್ಲೇ ಓದಾಯ್ತು’ ಅಂದಳು ಅವಳು. 97ರಿಂದ 128ರವರೆಗೆ ಮತ್ತೆ ಅವೇ ಪುಟಗಳು. ಅದಾದ ಮೇಲೆ ನೇರ 161. ಆ ಪುಟದಲ್ಲಿ ಮುದಿ ಸಲಗ ಇಲ್ಲ. ಮರಿ ಒಂಟಿಯಾಗಿ ನಡೆಯುತ್ತಿದೆ.

ನನ್ನ ಮೊದಲ ದೂರಿಗೆ ನಿಮ್ಮವರು ಕೊಟ್ಟ ಉತ್ತರ: ‘ಪುಸ್ತಕದ ಒಟ್ಟು ಪುಟಗಳು 256, ನಮ್ಮ ದಾಖಲೆಗೆ ಸರಿಹೊಂದುತ್ತದೆ.’ ಹೌದು, ಸರಿಹೊಂದುತ್ತದೆ. ತೊಂದರೆ ಇರುವುದೇ ಅಲ್ಲಿ. ಪುಸ್ತಕವನ್ನು ಬಿಡಿ ಹಾಳೆಗಳಲ್ಲಿ ಕಟ್ಟುವುದಿಲ್ಲ. ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ, ಮಡಿಸಿ, 16 ಅಥವಾ 32 ಪುಟಗಳ ಒಂದೊಂದು ಕಟ್ಟು ಮಾಡುತ್ತಾರೆ. ಮುದ್ರಣದವರು ಅದನ್ನು ಫಾರಂ ಅಂತಾರೆ. ಈ ಪುಸ್ತಕದಲ್ಲಿ ಅಂಥ ಎಂಟು ಫಾರಂ ಇರಬೇಕು. ಐದನೆಯದು ಇರಬೇಕಾದ ಜಾಗಕ್ಕೆ ನಾಲ್ಕನೆಯದೇ ಎರಡನೇ ಸಲ ಬಂದು ಕೂತಿದೆ. ಹಾಗಾಗಿ ಪುಸ್ತಕದ ದಪ್ಪ ಸರಿ, ತೂಕ ಸರಿ, ಹಾಳೆ ಎಣಿಸಿದರೂ ಸರಿ. ಕಥೆ ಮಾತ್ರ ಸರಿ ಇಲ್ಲ. ಇದನ್ನು ಹಿಡಿಯಲು ಮುದ್ರಣಾಲಯಗಳಲ್ಲಿ ಹಳೆಯ ಉಪಾಯ ಒಂದಿದೆ. ಪ್ರತಿ ಫಾರಂನ ಬೆನ್ನ ಮಡಿಕೆಯ ಮೇಲೆ ಒಂದು ಸಣ್ಣ ಕಪ್ಪು ಗುರುತು ಹಾಕುತ್ತಾರೆ, ಒಂದಕ್ಕಿಂತ ಒಂದು ಸ್ವಲ್ಪ ಕೆಳಗೆ. ಎಲ್ಲ ಜೋಡಿಸಿದಾಗ ಬೆನ್ನಿನ ಮೇಲೆ ಮೆಟ್ಟಿಲಿನ ಹಾಗೆ ಕಾಣುತ್ತದೆ. ಒಂದು ಫಾರಂ ತಪ್ಪಿದರೂ ಮೆಟ್ಟಿಲು ಕೆಡುತ್ತದೆ. ಅಂಟು ಹಾಕಿ ರಟ್ಟು ಕಟ್ಟುವ ಮುಂಚೆ ಕಣ್ಣು ಹಾಯಿಸಿದ್ದರೆ ಸಾಕಿತ್ತು. ಕಟ್ಟಾದ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಆಮೇಲೆ ತಪ್ಪು ಸಿಗುವುದು ಓದುವವರಿಗೇ.

ಎರಡನೇ ದೂರಿನ ಮೇಲೆ ಬದಲಿ ಪ್ರತಿ ಕಳಿಸಿದಿರಿ. ಅದಕ್ಕೆ ಧನ್ಯವಾದ. ಪಾರ್ಸೆಲ್ ಬಂದಾಗ ಮಗಳು ಶೂ ಕೂಡ ಬಿಚ್ಚದೆ ಅದನ್ನು ಹರಿದು, ನಿಂತಲ್ಲೇ 128ನೇ ಪುಟ ತೆಗೆದಳು. ಮುಂದೆ 97. ಮತ್ತೆ ಅದೇ. ಅವಳು ಅಳಲಿಲ್ಲ. ಪುಸ್ತಕವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಒಂದೇ ತಪ್ಪು ಎರಡು ಪ್ರತಿಗಳಲ್ಲಿ, ಒಂದೇ ಜಾಗದಲ್ಲಿ ಇದೆ ಅಂದರೆ ಅದು ಒಂದು ಪುಸ್ತಕದ ಕಥೆಯಲ್ಲ. ಜೋಡಿಸುವಾಗ ಯಂತ್ರದಲ್ಲಿ ಐದನೇ ಫಾರಂ ಇಡುವ ಕಡೆ ನಾಲ್ಕನೆಯದನ್ನು ಇಟ್ಟಿರಬೇಕು, ಆ ಹೊತ್ತಿನಲ್ಲಿ ಕಟ್ಟಿದ ಪ್ರತಿಗಳೆಲ್ಲ ಹೀಗೇ ಇರಬಹುದು. ಇದನ್ನು ನಾನು ಬರೆದು ತಿಳಿಸಿದ್ದೆ. ಸೆಟ್ ಇವತ್ತಿಗೂ ನಿಮ್ಮ ಜಾಲತಾಣದಲ್ಲಿ ‘ಸಂಪೂರ್ಣ’ ಅಂತಲೇ ಮಾರಾಟಕ್ಕಿದೆ.

ಮೂರನೇ ಸಲ ಫೋನ್ ಮಾಡಿದೆ. ಈ ಪತ್ರ ಬರೆಯಲು ನಿಜವಾದ ಕಾರಣ ಆ ಫೋನ್. ನನ್ನ ಕೈಯಲ್ಲಿ ಎರಡು ಪುಸ್ತಕ ಇದ್ದದ್ದರಿಂದ ಫೋನ್ ಸ್ಪೀಕರ್‌ನಲ್ಲಿತ್ತು. ಪಕ್ಕದಲ್ಲಿ ಮಗಳು ಬಣ್ಣ ಹಾಕುತ್ತಾ ಕೂತಿದ್ದಳು. ನಿಮ್ಮ ಸಿಬ್ಬಂದಿ ಮರ್ಯಾದೆಯಿಂದಲೇ ಮಾತಾಡಿದರು. ಪುಟ ಕಳಿಸಲು ಆಗುವುದಿಲ್ಲ, ಮುಂದಿನ ಖರೀದಿಗೆ ಕೂಪನ್ ಕೊಡುತ್ತೇವೆ ಅಂದರು. ನನಗೆ ಕೂಪನ್ ಬೇಡ, ಆ ಪುಟಗಳಲ್ಲಿ ಏನಿದೆ ಅಂತ ಮಗು ಕಾಯುತ್ತಿದೆ ಅಂದೆ. ‘ಕಥೆ ತಾನೇ ಮೇಡಂ, ನನ್ನ ಹತ್ರ ಸಾರಾಂಶ ಇದೆ, ಹೇಳ್ತೀನಿ. ಆ ಮುದಿ ಆನೆ ಸತ್ತುಹೋಗುತ್ತೆ. ಆಮೇಲೆ ಮರಿ ಒಂದೇ ಮುಂದೆ ಹೋಗುತ್ತೆ. ಅಷ್ಟೇ.’

ನಾನು ಸ್ಪೀಕರ್ ಆಫ್ ಮಾಡುವಷ್ಟರಲ್ಲಿ ಮುಗಿದುಹೋಗಿತ್ತು. ಅವಳ ಪೆನ್ಸಿಲ್ ಕಾಗದದ ಮೇಲೇ ನಿಂತಿತ್ತು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವರ ಮೇಲೆ ಕ್ರಮ ಕೈಗೊಳ್ಳಿ ಅಂತಲೂ ನಾನು ಕೇಳುತ್ತಿಲ್ಲ. ಸಹಾಯ ಮಾಡಲು ಅವರ ಮುಂದಿದ್ದದ್ದು ಅದೊಂದೇ. ಆದರೆ ಒಂದು ಸಾವನ್ನು ಮಗುವಿಗೆ ಹೇಳಲು ಕಥೆಗಾರರು 32 ಪುಟ ತೆಗೆದುಕೊಂಡಿದ್ದಾರೆ. ಅದಕ್ಕೆ ಕಾರಣ ಇದೆ. ಆ 32 ಪುಟಗಳನ್ನೇ ನಾವು ಕೊಂಡಿದ್ದು.

ಆ ರಾತ್ರಿ ಅವಳು ಕೇಳಿದ್ದನ್ನು ಹಾಗೇ ಬರೆಯುತ್ತೇನೆ. ‘ಅಜ್ಜ ಸತ್ತಾಗ ಮರಿ ಹತ್ತಿರ ಇತ್ತಾ?’ ಸತ್ತ ಆನೆಯ ಬಳಿ ಉಳಿದ ಆನೆಗಳು ಹೊತ್ತುಗಟ್ಟಲೆ ನಿಲ್ಲುತ್ತವೆ, ಸೊಂಡಿಲಿನಿಂದ ಮುಟ್ಟಿ ನೋಡುತ್ತವೆ ಅಂತ ಅವಳಿಗೆ ಗೊತ್ತು. ಎರಡನೇ ಪ್ರಶ್ನೆ, ‘ಅಮ್ಮ ಕರೆದಿದ್ದು ಮರಿಗೆ ಕೇಳಿಸ್ತಾ?’ ಎರಡಕ್ಕೂ ನನ್ನ ಹತ್ತಿರ ಉತ್ತರ ಇಲ್ಲ. ನಾನೇ ಏನಾದರೂ ಕಟ್ಟಿ ಹೇಳಬಹುದಿತ್ತು. ಮನಸ್ಸು ಬರಲಿಲ್ಲ. ಐದನೇ ಪುಸ್ತಕವನ್ನು ಅವಳು ಮುಟ್ಟಿಲ್ಲ. ಉಳಿದಿದ್ದು ಓದೋಣ ಅಂದರೆ, ‘ಮರಿ ಇನ್ನೂ ಹೊಳೆ ಹತ್ತಿರಾನೇ ನಿಂತಿದೆ’ ಅನ್ನುತ್ತಾಳೆ.

ನಿಮ್ಮ ವಾಪಸಾತಿ ನಿಯಮದ ಬಗ್ಗೆಯೂ ಒಂದು ಮಾತು. ತಪ್ಪಿದ್ದರೆ 10 ದಿನದೊಳಗೆ ತಿಳಿಸಬೇಕಂತೆ. ಆರು ಪುಸ್ತಕಗಳ ಸೆಟ್ ಅನ್ನು ಮಗುವಿಗೆ ಓದಿ ಹೇಳುವವರು ನಾಲ್ಕನೇ ಪುಸ್ತಕದ ನಡುಭಾಗಕ್ಕೆ 10 ದಿನದಲ್ಲಿ ಬರುವುದು ಹೇಗೆ? ನಾವು ಅಲ್ಲಿಗೆ ಬರಲು ಎರಡು ತಿಂಗಳು ಹಿಡಿಯಿತು. ಸರಣಿಗಳಿಗೆ ಈ ನಿಯಮ ಹೊಂದುವುದಿಲ್ಲ. ಅಚ್ಚಿನ ತಪ್ಪಿಗೆ ಗಡುವು ಇಡಲೇಬಾರದು ಅನ್ನುವುದು ನನ್ನ ಅಭಿಪ್ರಾಯ, ಆ ತಪ್ಪು ಮಾಡಿದ್ದು ಕೊಂಡವರಲ್ಲ.

ನಾನು ಹಣ ವಾಪಸ್ ಕೇಳುತ್ತಿಲ್ಲ. ಮೊದಲು, 129ರಿಂದ 160ರವರೆಗಿನ ಪುಟಗಳ ಪಿಡಿಎಫ್ ಕಳಿಸಿ. ಅಚ್ಚಿಗೆ ಹೋದ ಫೈಲ್ ನಿಮ್ಮ ಹತ್ತಿರ ಇದ್ದೇ ಇರುತ್ತದೆ, ಇದು ಇವತ್ತೇ ಆಗುವ ಕೆಲಸ. ಆಮೇಲೆ ಬೇರೆ ಮುದ್ರಣದ ಒಂದು ಸರಿಯಾದ ಪ್ರತಿ ಕಳಿಸಿ. ಕಳಿಸುವ ಮುಂಚೆ ಯಾರಾದರೂ 128ನೇ ಪುಟ ತಿರುವಿ ನೋಡಲಿ, ಅರ್ಧ ನಿಮಿಷ ಸಾಕು. ಗೋದಾಮಿನಲ್ಲಿ ಉಳಿದ ಪ್ರತಿಗಳನ್ನು ಪರೀಕ್ಷಿಸುವ ತನಕ ಸೆಟ್ ಮಾರಾಟ ನಿಲ್ಲಿಸಿ. ಈಗಾಗಲೇ ಕೊಂಡವರ ಇಮೇಲ್ ವಿಳಾಸಗಳು ನಿಮ್ಮಲ್ಲಿವೆ, ಅವರಿಗೂ ತಿಳಿಸಿ. ಅವರಲ್ಲಿ ಎಷ್ಟೋ ಜನ ಇನ್ನೂ ಎರಡನೇ ಪುಸ್ತಕದಲ್ಲಿರಬಹುದು. ಅವರ ಮನೆಯ ಮಕ್ಕಳಿಗಾದರೂ ಹೀಗಾಗುವುದು ಬೇಡ.

ಎರಡೂ ಪ್ರತಿಗಳ 128, 97 ಮತ್ತು 161ನೇ ಪುಟಗಳ ಫೋಟೋ ಇದರ ಜೊತೆಗಿದೆ. ಆರ್ಡರ್ ವಿವರ ಹಿಂದಿನ ಮೂರೂ ದೂರುಗಳಲ್ಲಿದೆ. ಒಂದು ವಾರದೊಳಗೆ ಉತ್ತರ ಬೇಕು. ಫೋನ್ ಮಾಡುವುದಾದರೆ ರಾತ್ರಿ ಒಂಬತ್ತೂವರೆ ಆದ ಮೇಲೆ ಮಾಡಿ. ಅಷ್ಟು ಹೊತ್ತಿಗೆ ಅವಳು ಮಲಗಿರುತ್ತಾಳೆ.

ಇಂತಿ,
ನಿಮ್ಮ ಸರಣಿಯ ಒಬ್ಬ ಓದುಗಿ